ಬೋರಲು ಕಲ್ಲು

ಮುದಗಲ್ಲಿನ ಕೋಟಿಯೊಳಗ, ನಮ್ಮ ಓಣಿಯ ನಳದ ಬಾಜೂಕ
ಆ ಕಲ್ಲು ಯಾವಾಗಿಂದ ಬಿದ್ದಿತ್ತೋ ಯಾರಿಗೂ ಗೊತ್ತಿಲ್ಲ.
ನಮ್ಮವ್ವ ಮರಿಯವ್ವ ಅದರ ಮ್ಯಾಲೇ ಅರಿವಿ ಒಗದಳು,
ಆಕಿಯ ಅವ್ವ ಒಗದಳು.
ಮೂರನೇತ್ತೆ ಓದುವಾಗಿಂದ ನನ್ನ ಲಂಗ ನಾನೇ ಒಗದೆ.

ಮ್ಯಾಲಿನ ಮಗ್ಗಲು ನುಣುಪು.
ನೆಲಕ್ಕ ಹತ್ತಿದ ಮಗ್ಗಲಿಗೆ ಬೆರಳು ತೂರಿಸಿದರ
ಹುಳ ಹರದಂಗ ಏನೋ ಉಬ್ಬು, ಏನೋ ಗೀರು.
ಚೇಳಿನ ಮನಿ ಅಂತ ಅಂಜತಿದ್ದೆ.

ಮೊನ್ನೆ ಪೈಪಿನವರು ಬಂದರು.
ಜೆಸಿಬಿ ಒಂದೇ ಏಟಿಗೆ ಕಲ್ಲು ಹೊರಳಿಸಿತು.
ಮಣ್ಣು ತೊಳದರ ಅಕ್ಷರ.
ಉರ್ದು ಅಂದ ಡ್ರೈವರ.
ಪಾರ್ಸಿ ಅಂದರು ದಾವಲಸಾಬ ಮಾಸ್ತರ.
ರಿಟೈರಾಗಿ ಹದಿನಾರು ವರ್ಷ, ಎರಡೂ ಕಣ್ಣಿಗೆ ಪೊರೆ,
ಕುಕ್ಕರಗಾಲಿಲೆ ಕುಂತು ಬೆರಳಿಲೆ ಓದಿದರು.
ಮೂರು ಸಾಲಿನ್ಯಾಗ ಒಂದೂವರಿ ಉಳದಿತ್ತು:

ಈ ಬಾವಿಯ ಮೆಟ್ಟಲು… ಕೈಯಿಂದ…
ಹಬಶ್ ನಾಡಿನ… ಬಿನ್ ಅಬ್ದುಲ್ಲಾ.

ಹೆಸರಿದ್ದ ಕಡೀಗೇ ಕಲ್ಲು ಒಡದಿತ್ತು.
ಆ ತುಂಡು ಯಾರ ಮನಿಯ ಹೊಸ್ತಿಲೋ, ಯಾರ ದನದ ಗ್ವಾದಲಿಯೋ.

"ಹಬಶ್ ಅಂದರ ಯಾವ ಕಡೀಗ್ರಿ?"
"ಸಮುದ್ರದ ಆಚಿ ಕಡೀಗವ್ವ, ಆಫ್ರಿಕಾ.
ಹುಡುಗರನ್ನ ಹಿಡದು, ಹಡಗಿನ್ಯಾಗ ತಂದು ಮಾರತಿದ್ರು.
ಕೆಲವರು ಮುಂದ ಕುದುರಿ ಏರಿದ್ರು, ಕಿಲ್ಲೆ ಆಳಿದ್ರು,
ಅವರ ಹೆಸರು ಪುಸ್ತಕದಾಗ ಅದಾವ.
ಇಂವ, ಪಾಪ, ಬಾವಿ ಕಟಗೋತ ಕುಂತವ."

ನಮ್ಮ ಓಣಿಯಾಗ ಹಬಸಿ ಅಂದರ ಬೈಗುಳ.
ಬಿಸಿಲಾಗ ತಿರುಗಿ ತಿರುಗಿ ಹಬಸಿ ಆಗೀದಿ ನೋಡು ಅಂತ
ಅವ್ವನೇ ನನಗ ಬೈತಿದ್ದಳು.
ಅದೊಂದು ನಾಡಿನ ಹೆಸರು, ಅಲ್ಲೂ ಒಬ್ಬಾಕಿ
ಕತ್ತಲಾತು ಬಾರೋ ಅಂತ ಬಾಗಲದಾಗ ನಿಂತು
ಮಗನ ಹೆಸರು ಕೂಗಿರಬೇಕು ಅಂತ
ನನಗ ಹೊಳದೇ ಇರಲಿಲ್ಲ.
ಆ ಹೆಸರೇ ಈಗ ಒಡದ ತುಂಡಿನ್ಯಾಗ ಐತಿ.

ಮಾಸ್ತರ ಬೆರಳು ಒರಸಿಕೊಂಡರು.
"ಅಬ್ದುಲ್ಲಾ ಅಂದರ ದೇವರ ಆಳು.
ಅಪ್ಪ ಯಾರಂತ ಗೊತ್ತಿಲ್ಲದಾಗ, ಕೇಳಾಕ ಪುರಸೊತ್ತಿಲ್ಲದಾಗ
ಬರಿಯೋರು ಹಿಂಗ ಬರದು ಮುಗಸತಿದ್ರು.
ಎಷ್ಟೋ ಮಂದಿಗೆ ಒಬ್ಬನ ಅಪ್ಪ."

ನನ್ನ ಕೈಯಾಗ ಸಬಕಾರ ಕರಗತಿತ್ತು.

ಒಂದನೇತ್ತೆಗೆ ಹೆಸರು ಹಚ್ಚುವಾಗ ಹೆಡ್‌ಮಾಸ್ತರ ಕೇಳಿದ್ದ:
ತಂದಿ ಹೆಸರು?
ಅವ್ವ ಕೊರಳಾಗಿನ ಮುತ್ತಿನ ಸರ ಹಿಡಕೊಂಡು ನಿಂತಳು.
ದೇವರಿಗೆ ಬಿಟ್ಟಾಕಿ, ಏನು ಹೇಳಬೇಕು?
ಆತ ಪೆನ್ನು ಝಾಡಿಸಿ ಬರದ: ದೇವಪ್ಪ.
ಆ ವರ್ಷ ನಮ್ಮ ಓಣಿಯಾಗ ದೇವಪ್ಪನ ಮಕ್ಕಳು ಆರು ಮಂದಿ.
ರೇಷನ್ ಕಾರ್ಡು, ಆಧಾರು, ಬ್ಯಾಂಕಿನ ಪುಸ್ತಕ,
ದೇವಪ್ಪ ಎಲ್ಲಾ ಕಡೀಗೂ ನನ್ನ ಹಿಂದಿಂದ ಬಂದ,
ಒಂದು ದಿನಾನೂ ಮುಂದ ಬಂದು ನಿಲ್ಲಲಿಲ್ಲ.

ಇದನ್ನ ಮಾಸ್ತರಗ ಹೇಳಲಿಲ್ಲ.
ಬಕೀಟು ಅಲ್ಲೇ ಇಟ್ಟು ಬಾವಿ ಹುಡುಕಿಕೊಂಡು ಹೋದೆ.
ಜಾಲಿ ಕಂಟಿ, ಪ್ಲಾಸ್ಟಿಕ್ಕು, ಒಂದು ಸತ್ತ ನಾಯಿ.
ಹನ್ನೊಂದು ಮೆಟ್ಟಲು ಕಾಣತಾವ, ಉಳದವು ಕಸದ ಕೆಳಗ.
ಇಳದೆ.
ಎತ್ತರ ಗೇಣಿಗಿಂತ ಕಮ್ಮಿ ಅದಾವ.
ಕಿಲ್ಲೆದ ಮೆಟ್ಟಲು ಹತ್ತಿದರ ಮೊಣಕಾಲು ಸಿಡೀತಾವ,
ಅವು ಬೂಟಿನವರ ಮೆಟ್ಟಲು.
ಇವು ಹಂಗಲ್ಲ.
ಕೊಡ ಹೊತ್ತಾಕಿಯನ್ನ ನಿಲ್ಲಿಸಿ,
ಕಾಲು ಎಷ್ಟು ಎತ್ತತಿ ತೋರಸವ್ವ ಅಂತ ಕೇಳಿ
ಕಟ್ಟಿದಂಗ ಅದಾವ.
ಯಾವ ಭಾಷಾದಾಗ ಕೇಳಿದನೋ.
ಮೂರನೇ ಮೆಟ್ಟಲ ಮೂಲಿಯಾಗ ಅಂಗೈಯಷ್ಟು ತಗ್ಗು,
ದಣದಾಕಿ ಕೊಡ ಇಳಸಾಕ.
ಅದರಾಗ ಕೈಯಿಟ್ಟೆ. ತಣ್ಣಗಿತ್ತು.

ಕಲ್ಲು ಈಗ ಗ್ವಾಡಿಗೆ ಒರಗೇತಿ, ಅಕ್ಷರ ಹೊರಗ ಮಾಡಿ.
ಯಾರೋ ಆಫೀಸಿನವ ಬಂದು ಮೊಬೈಲಿನ್ಯಾಗ ಫೋಟೊ ತಗದ,
ಲೆಟರ್ ಬರತೈತಿ ಅಂದ. ಬಂದಿಲ್ಲ.
ಆಜೂಬಾಜೂದವರ ಅರಿವಿ ಗುಡ್ಡಿ ಬಿದ್ದಾವ.
ಕಾಸಿಂಬಿ ದಿನಾ ಕೇಳತಾಳ:
ಹೊಸಾ ಕಲ್ಲು ಯಾವಾಗ ತರತೀಯೇ?